ಫ್ಲಶ್ ಡ್ರಾ ಇಟ್ಕೊಂಡು ಸುಮ್ನೆ ಕಾಲ್ ಮಾಡೋರಿಗೆ

ಭಾಗ 1

ಫೋಟೋದಲ್ಲಿರೋದು ನಮ್ಮನೆ ಊಟದ ಟೇಬಲ್. ಕಾರ್ಡ್‌ರೂಮಲ್ಲಿ ಆಟ ನಡೀತಿರುವಾಗ ಫೋನ್ ಎತ್ತಿದ್ರೆ ಡೀಲರ್ ಗುರಾಯಿಸ್ತಾರೆ. ಅದಕ್ಕೆ ಮನೆಗೆ ಬಂದು ಅದೇ ಎಲೆಗಳನ್ನ ಜೋಡಿಸಿ ತೆಗೆದಿದ್ದೀನಿ. ನನ್ನ ಕೈಲಿ ಆಟಿನ್ ಎಕ್ಕ, ಆಟಿನ್ 9. ಫ್ಲಾಪಲ್ಲಿ ಬಿದ್ದಿದ್ದು ಆಟಿನ್ ರಾಜ, ಆಟಿನ್ 8, ಕ್ಲಾವರ್ 3. ಇನ್ನೊಂದು ಆಟಿನ್ ಬಿದ್ರೆ ಫ್ಲಶ್. ಅದೂ ಎಕ್ಕದ ಫ್ಲಶ್, ಮೇಜಿನ ಮೇಲೆ ಅದಕ್ಕಿಂತ ದೊಡ್ಡ ಫ್ಲಶ್ ಇರೋಕೆ ಸಾಧ್ಯಾನೇ ಇಲ್ಲ.

ಇದು ಐದು ವರ್ಷದ ಹಿಂದಿನ ಕೈ. ಸ್ಯಾನ್ ಹೋಸೆ ಕಡೆ, 4-8 ಲಿಮಿಟ್ ಟೇಬಲ್. ನಾನು ಬಟನ್‌ನಲ್ಲಿ, ಅಂದ್ರೆ ಎಲ್ಲರಿಗಿಂತ ಕೊನೇಲಿ ಆಡೋ ಜಾಗದಲ್ಲಿ. ನನ್ನನ್ನೂ ಸೇರಿಸಿ ಐದು ಜನ ಫ್ಲಾಪ್ ನೋಡಿದ್ವಿ. ಬಿಗ್ ಬ್ಲೈಂಡ್‌ನಲ್ಲಿದ್ದವರು 4 ಡಾಲರ್ ಹಾಕಿದ್ರು. ಒಬ್ಬ ಕಾಲ್, ಇನ್ನೊಬ್ಬ ಕಾಲ್, ಮೂರನೆಯವಳೂ ಕಾಲ್. ನನ್ನ ಸರದಿ ಬಂತು. ಕಾಲ್ ಮಾಡ್ದೆ. ಟರ್ನ್ ಖಾಲಿ. ಅಲ್ಲೂ ಕಾಲ್ ಮಾಡ್ದೆ. ರಿವರ್‌ನಲ್ಲಿ ಆಟಿನ್ 2 ಬಿತ್ತು. ಪಾಟ್ ಎಳ್ಕೊಂಡೆ, ಚಿಪ್ಸ್ ಜೋಡಿಸ್ತಾ ಒಳಗೊಳಗೇ ಖುಷಿ.

ಪಕ್ಕದಲ್ಲಿ ಒಬ್ಬರು ನಿವೃತ್ತ ಅಂಚೆ ನೌಕರರು ಕೂತಿದ್ರು. ವಾರಕ್ಕೆ ಮೂರು ದಿನ ಅದೇ ಕುರ್ಚಿ, ಅದೇ ಕಾಫಿ ಲೋಟ. ಮೆಲ್ಲಗೆ ಬಗ್ಗಿ ಹೇಳಿದ್ರು: "16 ಡಾಲರ್ ಕಮ್ಮಿ ತಗೊಂಡೆ."

ಗೆದ್ದವನಿಗೆ ಯಾರಾದ್ರೂ ಹೀಗನ್ನೋದಾ? ನಂಗೆ ಸಿಟ್ಟು ಬಂತು.

ವಾಪಸ್ ಬರ್ತಾ ಕಾರಲ್ಲಿ ಇದನ್ನ ನನ್ನ ಜೊತೆ ಯಾವಾಗ್ಲೂ ಬರೋ ಅಣ್ಣಂಗೆ ಹೇಳ್ದೆ. (ಸ್ವಂತ ಅಣ್ಣ ಅಲ್ಲ. ಹಾಸನದವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು, ಇಲ್ಲಿಗೆ ಬಂದ ಹೊಸತರಲ್ಲಿ ನಂಗೆ ಮನೆ ಹುಡುಕಿ ಕೊಟ್ಟವರು.) ಅವರು ನಕ್ಕು ಅಂದ್ರು: "ನೀನು ಆಡಿದ್ದೇ ಸರಿ ಕಣೋ. ಬರದೇ ಇರೋ ಎಲೆಗೆ ಯಾರಾದ್ರೂ ರೈಸ್ ಮಾಡ್ತಾರಾ? ರೈಸ್ ಮಾಡೋದು ಜೂಜು, ಕಾಲ್ ಮಾಡೋದು ವಿವೇಕ."

ಈ ಇಡೀ ಸರಣಿ ಆ ಒಂದು ವಾಕ್ಯದ ಮೇಲೆ ನನ್ನ ಜಗಳ. ಅಣ್ಣಂಗೆ ಹೇಳಿದ್ದೀನಿ, ಹೆಸರು ಹಾಕಲ್ಲ, ಆದ್ರೆ ಬಿಡೋದೂ ಇಲ್ಲ ಅಂತ.

ಭಾಗ 2

ಗೊತ್ತಿಲ್ಲದವರಿಗೆ ಎರಡೇ ಮಾತಲ್ಲಿ ಲಿಮಿಟ್. 4-8 ಅಂದ್ರೆ, ಫ್ಲಾಪ್‌ವರೆಗೆ ಪ್ರತಿ ಬೆಟ್ 4 ಡಾಲರ್, ಪ್ರತಿ ರೈಸ್ ಇನ್ನೊಂದು 4. ಟರ್ನ್ ಮತ್ತು ರಿವರ್‌ನಲ್ಲಿ ಅದೇ 8 ಆಗುತ್ತೆ. ಅದಕ್ಕಿಂತ ಹೆಚ್ಚೂ ಹಾಕೋ ಹಾಗಿಲ್ಲ, ಕಮ್ಮಿನೂ ಇಲ್ಲ. ಒಂದು ಸುತ್ತಲ್ಲಿ ಎಷ್ಟು ರೈಸ್ ಅನ್ನೋದಕ್ಕೂ ಮಿತಿ, ಸಾಮಾನ್ಯವಾಗಿ ಮೂರೋ ನಾಲ್ಕೋ. ಟೀವಿಯಲ್ಲಿ ನೋಡ್ತೀರಲ್ಲ, ಇದ್ದಬದ್ದ ಚಿಪ್ಸೆಲ್ಲ ತಳ್ಳಿ "ಆಲ್ ಇನ್" ಅನ್ನೋದು, ಅದು ನೋ-ಲಿಮಿಟ್. 2003ರಲ್ಲಿ ಕ್ರಿಸ್ ಮನಿಮೇಕರ್ ಅನ್ನೋ ಅಕೌಂಟೆಂಟ್ ವರ್ಲ್ಡ್ ಸೀರೀಸ್ ಮೇನ್ ಇವೆಂಟ್ ಗೆದ್ದ ಮೇಲೆ ಪ್ರಪಂಚವೆಲ್ಲ ಆ ಕಡೆ ಓಡ್ತು. ಲಿಮಿಟ್ ಟೇಬಲ್‌ಗಳು ಕರಗಿದ್ವು. ಕ್ಯಾಲಿಫೋರ್ನಿಯಾದ ಕಾರ್ಡ್‌ರೂಮುಗಳಲ್ಲಿ ಇನ್ನೂ ಉಸಿರಾಡ್ತಾ ಇದೆ, ಹೆಚ್ಚಾಗಿ ವಯಸ್ಸಾದವರ ಜೊತೆ, ನನ್ನಂಥ ನಾಲ್ಕು ಜನ ಹಠಮಾರಿಗಳ ಜೊತೆ.

ಈಗ ಅಣ್ಣನ "ವಿವೇಕ" ಎಲ್ಲಿಂದ ಬಂತು ಅಂತ ನೋಡೋಣ. ನಂಗೊಂದು ಗುಮಾನಿ ಇದೆ. ನಾವೆಲ್ಲ ಇಸ್ಪೀಟು ಕಲಿತಿದ್ದು ಮೂರೆಲೆ ಆಟದಲ್ಲಿ. ಯುಗಾದಿಗೋ, ದೀಪಾವಳಿಗೋ, ಮದುವೆ ಮನೆಯ ಹಿಂದಿನ ರೂಮಲ್ಲೋ. ತೀನ್ ಪತ್ತಿಯಲ್ಲಿ ಮೂರು ಎಲೆ ಕೈಗೆ ಬಂದ್ರೆ ಮುಗೀತು. ಮೂರೂ ಆಟಿನ್ ಇದ್ರೆ ಕಲರ್, ಇಲ್ಲಾಂದ್ರೆ ಇಲ್ಲ. "ಇನ್ನೂ ಬರಬಹುದು" ಅನ್ನೋ ಮಾತೇ ಆ ಆಟದಲ್ಲಿಲ್ಲ. ಕೈ ಇದ್ರೆ ಆಡು, ಇಲ್ಲಾಂದ್ರೆ ಪ್ಯಾಕ್. ಆ ಬುದ್ಧಿ ಮೂಳೆಗೆ ಇಳಿದಿದೆ: ಎಲೆ ಬರಲಿ, ಆಮೇಲೆ ದುಡ್ಡು.

ಹೋಲ್ಡೆಮ್‌ನಲ್ಲಿ ಫ್ಲಾಪ್ ಆದ ಮೇಲೂ ಎರಡು ಎಲೆ ಬಾಕಿ. ಅಲ್ಲಿ ನಾಲ್ಕು ಆಟಿನ್ ಅನ್ನೋದು "ಏನೂ ಇಲ್ಲ" ಅಲ್ಲ. ಅದು ಅರ್ಧ ಕಟ್ಟಿದ ಮನೆ. ಅದಕ್ಕೂ ಬೆಲೆ ಇದೆ. ಆ ಬೆಲೆ ಎಷ್ಟು ಅಂತ ಲೆಕ್ಕ ಹಾಕದೇ "ಬಂದ್ಮೇಲೆ ನೋಡೋಣ" ಅನ್ನೋದನ್ನ ನಾನು ವಿವೇಕ ಅಂತ ಒಪ್ಪಲ್ಲ.

ಭಾಗ 3

ಲೆಕ್ಕಕ್ಕೆ ಬರೋಣ. ಪೆನ್ನು ಬೇಡ, ಬೆರಳು ಸಾಕು.

ಪ್ಯಾಕಲ್ಲಿ ಆಟಿನ್ 13. ನಾಲ್ಕು ಕಣ್ಣ ಮುಂದಿವೆ, ಉಳಿದಿದ್ದು 9. ನಾನು ನೋಡದೇ ಇರೋ ಎಲೆ 47. ಟರ್ನ್, ರಿವರ್ ಎರಡರಲ್ಲಿ ಒಂದಾದ್ರೂ ಆಟಿನ್ ಬೀಳೋ ಸಾಧ್ಯತೆ ಹೆಚ್ಚುಕಮ್ಮಿ 35 ಪರ್ಸೆಂಟ್. ಅಂದ್ರೆ ಮೂರಕ್ಕೆ ಒಂದಕ್ಕಿಂತ ಒಂಚೂರು ಜಾಸ್ತಿ.

ಆ ರಾತ್ರಿ ನಾನು ಕಾಲ್ ಮಾಡೋ ಬದಲು ರೈಸ್ ಮಾಡಿದ್ದಿದ್ರೆ? ನನ್ನಿಂದ ಹೆಚ್ಚುವರಿ 4 ಡಾಲರ್ ಹೋಗ್ತಿತ್ತು. ಉಳಿದ ನಾಲ್ಕು ಜನ, ಆಗ್ಲೇ ತಲಾ 4 ಹಾಕಿ ಆಸೆ ಇಟ್ಕೊಂಡವರು, ಇನ್ನೊಂದೊಂದು 4 ಹಾಕ್ತಿದ್ರು. ಒಟ್ಟು 20 ಡಾಲರ್ ಹೊಸದಾಗಿ ಪಾಟ್‌ಗೆ ಸೇರ್ತಿತ್ತು. ಅದರಲ್ಲಿ ನನ್ನ ಪಾಲು 35 ಪರ್ಸೆಂಟ್. ಅಂದ್ರೆ 7 ಡಾಲರ್.

4 ಕೊಟ್ಟು 7 ತಗೊಳೋ ವ್ಯಾಪಾರ. ಇದಕ್ಕೆ ಅಣ್ಣ ಜೂಜು ಅಂತಾರೆ!

"ಅವರು ಫೋಲ್ಡ್ ಮಾಡಿಬಿಟ್ರೆ?" ಮಾಡಲ್ಲ. ನಾನು ರೈಸ್ ಮಾಡಿದಾಗ ಪಾಟಲ್ಲಿ 44 ಡಾಲರ್ ಇರ್ತಿತ್ತು. ಮೊದಲು ಬೆಟ್ ಹಾಕಿದವರು ಇನ್ನು 4 ಹಾಕಿದ್ರೆ ಆ 44ಕ್ಕೆ ಕೈ ಚಾಚಬಹುದು. ಒಂದಕ್ಕೆ ಹನ್ನೊಂದು. 4-8 ಟೇಬಲ್‌ನಲ್ಲಿ ಒಂದ್ಸಲ ದುಡ್ಡು ಹಾಕಿದವರು ಇಷ್ಟಕ್ಕೆ ಎದ್ದು ಹೋಗಿದ್ದನ್ನ ನಾನಂತೂ ಅಪರೂಪಕ್ಕೆ ನೋಡಿದ್ದೀನಿ. ಕೈಯಲ್ಲಿ ಬರೀ 3ರ ಜೋಡಿ ಇದ್ರೂ ಕೂತಿರ್ತಾರೆ.

"ಫ್ಲಶ್ ಆದ್ರೂ ಸೋಲಬಹುದಲ್ಲ?" ಹೌದು. ಬೋರ್ಡ್‌ನಲ್ಲಿ ಜೋಡಿ ಬಿದ್ದು ಯಾರಿಗೋ ಫುಲ್ ಹೌಸ್ ಆಗಬಹುದು. ಅದಕ್ಕೆ ಅಂತ ಧಾರಾಳವಾಗಿ ಕಳೀರಿ, 35 ಬೇಡ, 30 ಅಂತಲೇ ಇಟ್ಕೊಳ್ಳಿ. 20ರಲ್ಲಿ 30 ಪರ್ಸೆಂಟ್ ಅಂದ್ರೆ 6 ಡಾಲರ್. ಈಗ್ಲೂ 4 ಕೊಟ್ಟು 6. ಎಷ್ಟು ಹೆದರಿಕೆ ಸೇರಿಸಿದ್ರೂ ಲೆಕ್ಕ ನನ್ನ ಕಡೆಗೇ ವಾಲುತ್ತೆ.

ಇಲ್ಲೇ ಒಂದು ಪದದ ಬಗ್ಗೆ ತಕರಾರು. ಫ್ಲಶ್ ಡ್ರಾ ರೈಸ್‌ಗೆಲ್ಲ "ಸೆಮಿ-ಬ್ಲಫ್" ಅಂತ ಹೆಸರಿಟ್ಟುಬಿಡ್ತಾರೆ. ಡೇವಿಡ್ ಸ್ಕ್ಲಾನ್ಸ್ಕಿಯ 'ದಿ ಥಿಯರಿ ಆಫ್ ಪೋಕರ್' ಓದಿದವರಿಗೆ ಗೊತ್ತು, ಆ ಪದದ ಜೀವ ಇರೋದು ಎದುರಾಳಿ ಫೋಲ್ಡ್ ಮಾಡೋ ಸಾಧ್ಯತೆಯಲ್ಲಿ. ಐದು ಜನರ ಪಾಟಲ್ಲಿ ನಾನು ಯಾರೂ ಫೋಲ್ಡ್ ಮಾಡೋದು ಬೇಡ ಅಂತಲೇ ರೈಸ್ ಮಾಡ್ತಿದ್ದೀನಿ. ಹಾಗಾದ್ರೆ ಇದರಲ್ಲಿ ಬ್ಲಫ್ ಎಲ್ಲಿಂದ ಬಂತು? ಎಕ್ಕದ ಜೋಡಿ ಇಟ್ಕೊಂಡು ರೈಸ್ ಮಾಡ್ತೀವಲ್ಲ, ಅದೇ ಜಾತಿಯ ರೈಸ್ ಇದು. ಬ್ಲಫ್ ಅನ್ನೋ ಪದ ಕಿವಿಗೆ ಬಿದ್ದ ಕೂಡ್ಲೇ ನಮ್ಮ ಜನಕ್ಕೆ ಮೋಸ, ಧೈರ್ಯ, ಹುಚ್ಚಾಟ ಅಂತೆಲ್ಲ ಅನ್ನಿಸೋಕೆ ಶುರುವಾಗುತ್ತೆ. ಅರ್ಧ ಗೊಂದಲಕ್ಕೆ ಈ ಪದವೇ ಕಾರಣ.

ಭಾಗ 4

"100ರಲ್ಲಿ 65 ಸಲ ಸೋಲ್ತೀಯಲ್ಲೋ!"

ಅಣ್ಣನ ಬ್ರಹ್ಮಾಸ್ತ್ರ ಇದು. ನಿಜ, ಸೋಲ್ತೀನಿ. 65 ಸಲ ಆ 4 ಡಾಲರ್ ಹೋಗುತ್ತೆ. ಒಟ್ಟು 260. ಉಳಿದ 35 ಸಲ ನಾಲ್ಕು ಜನರಿಂದ 16-16 ಬರುತ್ತೆ. ಒಟ್ಟು 560. ವ್ಯತ್ಯಾಸ 300. ನೂರು ಕೈಗೆ 300 ಡಾಲರ್, ಅಂದ್ರೆ ಕೈಗೆ ಮೂರು. ಹಿಂದಿನ ಭಾಗದ 7 ಕಳೆ 4 ಅಂದ್ರೂ ಅದೇ ಮೂರು.

ಆದ್ರೆ ಮನಸ್ಸು ಹೀಗೆ ಎಣಿಸಲ್ಲ. 65 ಸಲ "ಅಯ್ಯೋ, ಸುಮ್ನೆ ಕಾಲ್ ಮಾಡಿದ್ರೆ 4 ಉಳೀತಿತ್ತು" ಅಂತ ಚುಚ್ಚುತ್ತೆ. ಆ 35 ಸಲ ಗೆದ್ದಾಗ "ಗೆದ್ದೆ" ಅನ್ನೋದಷ್ಟೇ ನೆನಪಿರುತ್ತೆ, ಎಷ್ಟು ಕಮ್ಮಿ ಗೆದ್ದೆ ಅನ್ನೋದು ಯಾರಿಗೂ ಕಾಣಲ್ಲ. ಕಾಲ್ ಮಾಡಿದವನ ನಷ್ಟ ಯಾವ ಚೀಟೀಲೂ ಬರೆದಿರಲ್ಲ. ಪಾಟ್ ಅವನ ಕಡೆ ಬರ್ತಾ ಇರುತ್ತೆ, ಡೀಲರ್ ನಗ್ತಾ ಇರ್ತಾರೆ, ಅದರೊಳಗೆ 16 ಡಾಲರ್ ಕಮ್ಮಿ ಇರುತ್ತೆ. ಆ ಅಂಚೆ ನೌಕರರು ಹೇಳದೇ ಇದ್ದಿದ್ರೆ ನಂಗೂ ಇವತ್ತಿಗೂ ಗೊತ್ತಾಗ್ತಿರಲಿಲ್ಲ.

ಇದರ ಮೇಲೆ ಕಾರ್ಡ್‌ರೂಮಿನ ಡ್ರಾಪ್. ಪ್ರತಿ ಕೈಗೂ ಪಾಟಿಂದ ಅವರು ತಮ್ಮ ಪಾಲು ತೆಗೀತಾರೆ, ನೀವು ಧೈರ್ಯವಂತರೋ ವಿವೇಕಿಯೋ ಅಂತ ಕೇಳಲ್ಲ. ಚಿಕ್ಕ ಲಿಮಿಟ್‌ನಲ್ಲಿ ಈ ಡ್ರಾಪ್ ಮತ್ತು ಡೀಲರ್ ಟಿಪ್ ಸೇರಿದ್ರೆ ಅದೇ ಒಂದು ದೊಡ್ಡ ಬಾಡಿಗೆ. ಒಳ್ಳೆ ಕೈ ಬಂದಾಗ ತಗೋಬೇಕಾದ್ದನ್ನ ಪೂರ್ತಿ ತಗೊಳ್ದೇ ಇರೋನು ಆ ಬಾಡಿಗೆ ಎಲ್ಲಿಂದ ಕಟ್ತಾನೆ? ಜೇಬಿಂದ. ಪ್ರತಿ ಶನಿವಾರ ಮೂವತ್ತೋ ನಲವತ್ತೋ ಬಿಟ್ಟು ಬಂದು "ಅದೃಷ್ಟ ಇಲ್ಲ ಬಿಡು" ಅನ್ನೋದು. ಅಣ್ಣ ಹೀಗೇ ಐದು ವರ್ಷದಿಂದ ಅಂತಿದ್ದಾರೆ. ಐದು ವರ್ಷ ಯಾರ ಅದೃಷ್ಟಾನೂ ಒಂದೇ ಸಮ ಕೆಟ್ಟಿರಲ್ಲ ಅಣ್ಣ.

ಒಂದು ಮಾತು ಮಾತ್ರ ಒಪ್ತೀನಿ. ರೈಸ್ ಮಾಡಿ ಆಡಿದ್ರೆ ಏರಿಳಿತ ಜಾಸ್ತಿ. ಒಂದೇ ರಾತ್ರಿ ಆರು ಡ್ರಾ ತಪ್ಪಿ ಹೋಗೋದೂ ಇದೆ, ನಂಗೆ ಆಗಿದೆ, ಪಾರ್ಕಿಂಗ್‌ನಲ್ಲಿ ಹತ್ತು ನಿಮಿಷ ಸ್ಟೀರಿಂಗ್ ಹಿಡ್ಕೊಂಡು ಸುಮ್ನೆ ಕೂತಿದ್ದೀನಿ. ಅದನ್ನ ತಡ್ಕೊಳೋ ದುಡ್ಡು ಇಲ್ಲಾಂದ್ರೆ ಚಿಕ್ಕ ಟೇಬಲ್‌ಗೆ ಹೋಗಿ. ಮನೆ ಬಾಡಿಗೆ ದುಡ್ಡಾದ್ರೆ ಒಳಗೇ ಹೋಗ್ಬೇಡಿ. ದೊಡ್ಡ ಟೇಬಲ್‌ನಲ್ಲಿ ಕೂತು ಹೆದರ್ಕೊಂಡು ಆಡೋದು ಎರಡೂ ಕಡೆ ನಷ್ಟ.

ಭಾಗ 5

ಈಗ ಕುರ್ಚಿ ವಿಷಯ. ಹಿಂದಿನ ನಾಲ್ಕು ಭಾಗ ಓದಿ "ಗೊತ್ತಾಯ್ತು, ಫ್ಲಶ್ ಡ್ರಾ ಬಂದ್ರೆ ರೈಸ್" ಅಂತ ಎದ್ದು ಹೊರಟವರಿದ್ರೆ ಸ್ವಲ್ಪ ಕೂತ್ಕೊಳ್ಳಿ ಸ್ವಾಮಿ.

ಅದೇ ಆಟಿನ್ ಎಕ್ಕ-9. ಅದೇ ಫ್ಲಾಪ್. ಆದ್ರೆ ಈಗ ಬೆಟ್ ಹಾಕಿದವನು ನಿಮ್ಮ ಬಲಗಡೆ ಪಕ್ಕದಲ್ಲೇ ಇದ್ದಾನೆ. ಆಟ ಎಡಕ್ಕೆ ಸಾಗುತ್ತೆ, ಹಾಗಾಗಿ ಅವನಾದ ತಕ್ಷಣ ನಿಮ್ಮ ಸರದಿ. ನಿಮ್ಮ ಎಡಗಡೆ ಇನ್ನೂ ಮೂರು ಜನ ಆಡೋದು ಬಾಕಿ, ಒಬ್ಬರೂ ಇನ್ನೂ ದುಡ್ಡು ಹಾಕಿಲ್ಲ. ನೀವು ರೈಸ್ ಮಾಡಿದ್ರೆ ಅವರಿಗೆ 4 ಅಲ್ಲ, ಒಟ್ಟಿಗೆ 8 ಡಾಲರ್ ಎದುರು ನಿಲ್ಲುತ್ತೆ. 4ಕ್ಕೆ ಬರ್ತಿದ್ದವರು 8ಕ್ಕೆ ಬರಲ್ಲ. ಮೂವರೂ ಎಲೆ ಎಸೀತಾರೆ. ಉಳಿದಿದ್ದು ನೀವು ಮತ್ತು ಬೆಟ್ ಹಾಕಿದವನು. ಈಗ ನಿಮ್ಮ ಹೆಚ್ಚುವರಿ 4ಕ್ಕೆ ಅವನ 4 ಮಾತ್ರ ಜೊತೆ. ಎಂಟರಲ್ಲಿ ನಿಮ್ಮ 35 ಪರ್ಸೆಂಟ್ ಅಂದ್ರೆ 2 ಡಾಲರ್ 80 ಸೆಂಟ್. 4 ಕೊಟ್ಟು 2.80 ತಗೊಂಡ್ರಿ. ಕರ್ದು ಊಟಕ್ಕೆ ಕೂರಿಸಿದ ನೆಂಟರನ್ನ ನೀವೇ ಎಬ್ಬಿಸಿ ಕಳಿಸಿದ ಹಾಗೆ.

ಇಲ್ಲಿ ಕಾಲ್ ಮಾಡಿ. ಬಾಯಿ ಮುಚ್ಕೊಂಡು ಕಾಲ್ ಮಾಡಿ, ಹಿಂದಿನವರು ಬರಲಿ.

ಇನ್ನೊಂದು ಚಿತ್ರ. ನೀವು ಸ್ಮಾಲ್ ಬ್ಲೈಂಡ್‌ನಲ್ಲಿ, ಮೊದಲು ಆಡೋರು. ಚೆಕ್ ಅಂದ್ರಿ. ನಿಮ್ಮ ಎಡಕ್ಕೆ ಪಕ್ಕದಲ್ಲೇ ಇರೋ ಬಿಗ್ ಬ್ಲೈಂಡ್ ಬೆಟ್ ಹಾಕಿದ. ಒಬ್ಬೊಬ್ಬರಾಗಿ ಮೂವರು ಕಾಲ್ ಮಾಡಿ ಸುತ್ತಿ ನಿಮ್ಮ ಹತ್ರ ಬಂತು. ಈಗ ರೈಸ್! ಎಲ್ಲರ ಒಂದೊಂದು ಕಾಲು ಆಗ್ಲೇ ನೀರೊಳಗಿದೆ, ಯಾರೂ ವಾಪಸ್ ಹೋಗಲ್ಲ. ಇದೇ ಸ್ಮಾಲ್ ಬ್ಲೈಂಡ್‌ನಲ್ಲಿ ಕೂತಿರುವಾಗ ಬೆಟ್ ಬಂದಿದ್ದು ಕೊನೆಯ ಬಟನ್‌ನಿಂದ ಆದ್ರೆ? ಮತ್ತೆ ಕಾಲ್. ಯಾಕಂದ್ರೆ ಮಧ್ಯದವರೆಲ್ಲ ಇನ್ನೂ ದಡದ ಮೇಲಿದ್ದಾರೆ.

ಎಲೆ ಒಂದೇ, ಬೋರ್ಡ್ ಒಂದೇ, ಕುರ್ಚಿಗೆ ತಕ್ಕಂತೆ ಉತ್ತರ ಬೇರೆ. ಅದಕ್ಕೇ "ನೀವು ಅಗ್ರೆಸಿವ್ ಪ್ಲೇಯರಾ, ಪ್ಯಾಸಿವ್ ಪ್ಲೇಯರಾ" ಅಂತ ಕೇಳಿದ್ರೆ ನಂಗೆ ಮೈ ಉರಿಯುತ್ತೆ. ನನ್ನ ಸ್ವಭಾವ ಕಟ್ಕೊಂಡು ಏನಾಗ್ಬೇಕು? ಬೆಟ್ ಯಾವ ಕಡೆಯಿಂದ ಬಂತು, ನನ್ನ ಮುಂದೆ ಎಷ್ಟು ಜನ ದುಡ್ಡು ಹಾಕಿದ್ದಾರೆ, ಹಿಂದೆ ಎಷ್ಟು ಜನ ಬಾಕಿ ಅಂತ ಕೇಳಿ.

(ಮೂರೇ ಜನ ಇದ್ರೆ? 12ರಲ್ಲಿ 35 ಪರ್ಸೆಂಟ್ 4.20. ಫುಲ್ ಹೌಸ್ ಹೆದರಿಕೆ ಕಳೆದ್ರೆ 4ಕ್ಕಿಂತ ಕೆಳಗೆ. ಅಲ್ಲಿ ಲಾಭಾನೂ ಇಲ್ಲ, ನಷ್ಟಾನೂ ಇಲ್ಲ ಅಂತಿಟ್ಕೊಳ್ಳಿ. ಎಕ್ಕದ ಜೊತೆ ರಾಣಿ ಇದ್ದು, ಆ ಎರಡರಲ್ಲಿ ಒಂದು ಜೋಡಿಯಾದ್ರೂ ಗೆಲ್ಲಬಹುದು ಅನ್ನೋ ಹಾಗಿದ್ರೆ, ಹಿಂದಿನವರನ್ನ ಓಡಿಸೋಕೆ ರೈಸ್ ಮಾಡೋದಕ್ಕೂ ಅರ್ಥ ಇದೆ. ಅದು ಇನ್ನೊಂದು ದಿನದ ಪೋಸ್ಟ್.)

ಭಾಗ 6

ಇಷ್ಟು ಹೊತ್ತು ಅಣ್ಣನ ಕಡೆಯವರನ್ನ ಬೈದೆ. ಈಗ ಇನ್ನೊಂದು ಪಾರ್ಟಿ. ರೀಲ್ಸ್ ನೋಡಿ ಆಟ ಕಲಿತವರು. "ಪ್ರೆಶರ್ ಹಾಕ್ಬೇಕು ಬ್ರೋ", "ಕಾಲ್ ಮಾಡೋದು ವೀಕ್‌ನೆಸ್ ಬ್ರೋ". ಫ್ಲಾಪಲ್ಲಿ ರೈಸ್, ಟರ್ನಲ್ಲಿ ರೈಸ್, ರಿವರಲ್ಲಿ ಏನೂ ಬರದೇ ಇದ್ರೂ ಬೆಟ್. ನಮ್ಮ ಟೇಬಲ್‌ಗೂ ಇಂಥ ಹುಡುಗರು ಬರ್ತಾರೆ. ಎರಡು ಗಂಟೆ ಇರ್ತಾರೆ, ಆಮೇಲೆ ಎಟಿಎಂ ಹತ್ರ ಕಾಣಿಸ್ತಾರೆ.

ಅವರು ಕಲಿತಿದ್ದು ನೋ-ಲಿಮಿಟ್. ಅಲ್ಲಿ ಸಾವಿರ ಡಾಲರ್ ಪಾಟ್‌ಗೆ ಸಾವಿರ ಬೆಟ್ ಹಾಕಿ ಎದುರಿನವನ ಬೆವರಿಳಿಸಬಹುದು. ಲಿಮಿಟ್‌ನಲ್ಲಿ 60 ಡಾಲರ್ ಪಾಟ್‌ಗೆ 8 ಡಾಲರ್ ಹಾಕಿ ಯಾರನ್ನ ಹೆದರಿಸ್ತೀರಿ?

ಟರ್ನ್‌ನ ಲೆಕ್ಕ ಬೇರೆ, ಅದನ್ನೇ ಇವರು ಮರೆಯೋದು. ಈಗ ಬಾಕಿ ಇರೋದು ಒಂದೇ ಎಲೆ. 46ರಲ್ಲಿ 9, ಅಂದ್ರೆ 20 ಪರ್ಸೆಂಟೂ ಇಲ್ಲ. ಬೆಟ್ ಮಾತ್ರ ಡಬಲ್. ಅದೇ ಐದು ಜನ ಇದ್ದು ಎಲ್ಲರೂ ತಲಾ 8 ಹಾಕಿದ್ರೂ ಒಟ್ಟು 40, ಅದರಲ್ಲಿ ನಿಮ್ಮ ಪಾಲು 7 ಡಾಲರ್ 83 ಸೆಂಟ್. 8 ಕೊಟ್ಟು 7.83. ಇಡೀ ಮೇಜು ನಿಮ್ಮ ಹಿಂದೆ ಬಂದ್ರೂ ಕೂದಲೆಳೆಯಷ್ಟು ನಷ್ಟ. ನಾಲ್ಕು ಜನ ಆದ್ರೆ 6.26, ಮೂರು ಜನ ಆದ್ರೆ 4.70. ಫ್ಲಾಪಲ್ಲಿ ಲಾಭ ತಂದ ಅದೇ ನಾಲ್ಕು ಆಟಿನ್ ಟರ್ನಲ್ಲಿ ಕೈ ಸುಡುತ್ತೆ.

ಹಾಗಂತ ಟರ್ನಲ್ಲಿ ಬೆಟ್ ಬಂದ್ರೆ ಫೋಲ್ಡ್ ಮಾಡ್ಬೇಡಿ, ದಯವಿಟ್ಟು! ಪಾಟಲ್ಲಿ 60 ಇದೆ, ಯಾರೋ 8 ಹಾಕಿದ್ರು, 68 ಆಯ್ತು. 8 ಕೊಟ್ಟು 68ಕ್ಕೆ ಆಸೆ ಪಡೋದು, ಎಂಟೂವರೆ ಪಟ್ಟು. ನಿಮಗೆ ಬೇಕಾಗಿರೋದು ನಾಲ್ಕು ಪಟ್ಟಿಗಿಂತ ಒಂಚೂರು ಜಾಸ್ತಿ. ಕಣ್ಮುಚ್ಚಿ ಕಾಲ್. ಕಾಲ್ ಅನ್ನೋ ಪದದ ಮೇಲೆ ನಂಗೆ ದ್ವೇಷ ಇಲ್ಲ, ಅದಕ್ಕೂ ಜಾಗ ಇದೆ, ಆ ಜಾಗ ಇದು.

ಇಷ್ಟರಲ್ಲೇ ಲಿಮಿಟ್‌ನ ಒಂದು ಚಂದ ಅಡಗಿದೆ. ಫ್ಲಾಪಲ್ಲಿ ನೀವು ಕೊನೆಯವರಾಗಿ ರೈಸ್ ಮಾಡಿದ್ರಿ ಅಂದ್ಕೊಳ್ಳಿ. ಟರ್ನ್ ಖಾಲಿ ಬಿತ್ತು. ಬಹಳಷ್ಟು ಸಲ ಎಲ್ಲರೂ "ಇವನ ಕೈಲಿ ಏನೋ ಇದೆ" ಅಂತ ನಿಮಗೆ ಚೆಕ್ ಮಾಡ್ತಾರೆ. ನೀವೂ ಚೆಕ್. ರಿವರ್ ಎಲೆ ಪುಕ್ಕಟೆ. ಫ್ಲಾಪಲ್ಲಿ ಹೆಚ್ಚಿಗೆ ಕೊಟ್ಟಿದ್ದು 4, ಟರ್ನಲ್ಲಿ ಉಳಿದಿದ್ದು 8. ಆ ಹುಡುಗರು ಇಲ್ಲೇ ಎಡವೋದು. ಅಷ್ಟು ಕಷ್ಟಪಟ್ಟು ಪುಕ್ಕಟೆ ಎಲೆ ಸಂಪಾದಿಸಿ, ಅದನ್ನ ತಗೊಳ್ದೇ ಮತ್ತೆ 8 ಹಾಕ್ತಾರೆ. ಕೇಳಿದ್ರೆ "ಕಥೆ ಮುಂದುವರೆಸ್ಬೇಕು ಬ್ರೋ". ಯಾರಿಗೆ ಹೇಳ್ತಿದ್ದೀಯಪ್ಪ ಕಥೆ? ಎದುರಿಗಿರೋ ನಾಲ್ವರಲ್ಲಿ ಮೂವರು ತಮ್ಮ ಎಲೆ ಬಿಟ್ಟು ಬೇರೆ ಏನೂ ನೋಡ್ತಾ ಇಲ್ಲ.

ಭಾಗ 7

ನ್ಯಾಯವಾಗಿ ಹೇಳ್ಬೇಕಂದ್ರೆ ಆ ಹುಡುಗರ ಮಾತು ಸರಿಯಾಗೋ ಜಾಗ ಒಂದಿದೆ. ಎದುರಿಗೆ ಒಬ್ಬನೇ ಉಳಿದಾಗ.

ಟರ್ನ್. ಪಾಟಲ್ಲಿ 40 ಡಾಲರ್. ನೀವಿಬ್ಬರೇ. ಅವನು ಚೆಕ್ ಅಂದ. ನಿಮ್ಮ ಕೈಲಿ ಬರೀ ಫ್ಲಶ್ ಡ್ರಾ. ನೀವೂ ಚೆಕ್ ಮಾಡಿ, ಆಟಿನ್ ಬಿದ್ದಾಗ ಅವನು ರಿವರಲ್ಲಿ ಒಂದು 8 ಕೊಡ್ತಾನೆ ಅಂತಿಟ್ಕೊಂಡ್ರೆ, ಆ ಕೈಯ ಬೆಲೆ ಸುಮಾರು 9.40. ಬೆಟ್ ಹಾಕಿ, ಅವನು ಯಾವತ್ತೂ ಫೋಲ್ಡ್ ಮಾಡಲ್ಲ ಅಂದ್ರೆ ಬೆಲೆ 4.50ರ ಹತ್ರ. ಇಲ್ಲಿವರೆಗೆ ಚೆಕ್ ಮಾಡೋದೇ ವಾಸಿ. ಆದ್ರೆ ಅವನು ಏಳಕ್ಕೆ ಒಂದು ಸಲ ಫೋಲ್ಡ್ ಮಾಡಿದ್ರೂ ಸಾಕು, ಲೆಕ್ಕ ತಿರುಗುತ್ತೆ. ಆ ಒಂದು ಸಲಕ್ಕೆ 40 ಪೂರ್ತಿ ನಿಮ್ಮದು. ಬೆಟ್ ಹಾಕೋದು ಚೆಕ್‌ಗಿಂತ ಮೇಲಾಗುತ್ತೆ. ಏಳಕ್ಕೆ ಒಂದು ಸಲ ಅಂದ್ರೆ ಜಾಸ್ತಿ ಏನಲ್ಲ. ಅವನ ಕೈಲೂ ಏನೂ ಇಲ್ಲದೇ ಇರಬಹುದಲ್ಲ. ಇದು ನಿಜವಾದ ಸೆಮಿ-ಬ್ಲಫ್. ಇಲ್ಲಿ ಅಣ್ಣ ಚೆಕ್ ಮಾಡ್ತಾರೆ, ನಾನು ಬೆಟ್ ಹಾಕ್ತೀನಿ.

ಅದೇ ಎದುರಿಗೆ ಮೂವರು ಇದ್ರೆ? ಒಬ್ಬೊಬ್ಬರೂ ಏಳಕ್ಕೆ ಒಂದು ಸಲ ಫೋಲ್ಡ್ ಮಾಡೋರು ಅಂದ್ಕೊಳ್ಳಿ. ಮೂವರೂ ಒಟ್ಟಿಗೆ ಫೋಲ್ಡ್ ಮಾಡೋದು 343ಕ್ಕೆ ಒಂದು ಸಲ. ಆ ದಿನ ಬರೋಷ್ಟರಲ್ಲಿ ಆ ಹುಡುಗ ಎಟಿಎಂಗೆ ಎಷ್ಟು ಸಲ ಹೋಗಿರ್ತಾನೆ?

ಒಬ್ಬ ಓದುಗರು ಮೆಸೇಜಲ್ಲಿ ಕೇಳಿದ್ರು, "ಕಂಪ್ಯೂಟರ್ ಲಿಮಿಟ್ ಆಟಾನ ಪೂರ್ತಿ ಬಿಡಿಸಿಬಿಟ್ಟಿದೆಯಂತಲ್ಲ, ಅದನ್ನೇ ನೋಡಿ ಆಡಬಾರದಾ?" ಹೌದು, ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು 2015ರ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಸೆಫಿಯಸ್ ಅನ್ನೋ ಪ್ರೋಗ್ರಾಂ ಬಗ್ಗೆ ಬರೆದ್ರು. ಲಿಮಿಟ್ ಹೋಲ್ಡೆಮ್ ಬಿಡಿಸಿದ್ದು ನಿಜ, ಆದ್ರೆ ಇಬ್ಬರೇ ಆಡೋ ಲಿಮಿಟ್. ಆ ಪ್ರೋಗ್ರಾಂ ಎಷ್ಟು ಜೋರಾಗಿ ಆಡಿದ್ರೂ ಅದರ ಎದುರಿಗಿರೋದು ಒಬ್ಬನೇ. ಅದನ್ನ ತಂದು ಶನಿವಾರ ರಾತ್ರಿಯ ಒಂಬತ್ತು ಜನರ 4-8 ಟೇಬಲ್‌ಗೆ ಅಂಟಿಸೋದು, ಇಬ್ಬರ ಕುಸ್ತಿಯ ಪಟ್ಟನ್ನ ಜಾತ್ರೆ ನೂಕುನುಗ್ಗಲಲ್ಲಿ ಹಾಕೋಕೆ ಹೋದ ಹಾಗೆ.

ಭಾಗ 8

ಚಿಕ್ಕ ಭಾಗ. ಎಲ್ಲ ಫ್ಲಶ್ ಡ್ರಾನೂ ಒಂದೇ ಅಲ್ಲ.

ಕೈಲಿ ಆಟಿನ್ 6-5 ಇದೆ, ಫ್ಲಾಪಲ್ಲಿ ಎರಡು ಆಟಿನ್. ಎಣಿಕೆಗೆ 9 ಎಲೆ ಬಾಕಿ, ಹೌದು. ಆದ್ರೆ ಐದಾರು ಜನ ಇದ್ದಾಗ ಇನ್ನೊಬ್ಬರ ಕೈಲೂ ಎರಡು ಆಟಿನ್ ಇದ್ರೆ, ಅವು ನಿಮ್ಮದಕ್ಕಿಂತ ದೊಡ್ಡವೇ ಆಗಿರೋದು ಹೆಚ್ಚು. ನಿಮಗೆ ಬೇಕಾದ ಎಲೆ ಬಂದು, ಅದೇ ಎಲೆಯಿಂದ ನೀವು ಸೋಲ್ತೀರಿ. ಜನ ಜಾಸ್ತಿ ಇದ್ದಷ್ಟೂ ಎಕ್ಕದ ಡ್ರಾ ಬೆಲೆ ಏರುತ್ತೆ, 6-5ರ ಡ್ರಾ ಬೆಲೆ ಅಷ್ಟು ಏರಲ್ಲ. ನಾಲ್ಕು ಜನ ಕಾಲ್ ಮಾಡಿದ್ದಾರೆ ಅಂತ ಅಲ್ಲೂ ರೈಸ್ ಮಾಡ್ತೀನಿ, ಆದ್ರೆ ಮೂರನೇ ಬೆಟ್ ವಾಪಸ್ ಬಂದ್ರೆ ಅಲ್ಲಿಗೆ ಸಾಕು. ಎಕ್ಕ ಇದ್ದು ಎಲ್ಲರೂ ಒಳಗಿದ್ರೆ ಮಿತಿ ಮುಟ್ಟೋವರೆಗೂ ಹೋಗ್ತೀನಿ.

ಬೋರ್ಡ್‌ನಲ್ಲಿ ಆಗ್ಲೇ ಜೋಡಿ ಇದ್ರೆ, ರಾಜ-ರಾಜ-8 ಥರ, ಕೈ ಕಟ್ಟಿ ಕೂರ್ತೀನಿ. ಅಲ್ಲಿ ನಾನೂ ಅಣ್ಣನ ಪಾರ್ಟಿ.

ರಿವರಲ್ಲಿ ಏನೂ ಬರಲಿಲ್ಲ, ನಾಲ್ಕು ಜನ ಇದ್ದಾರೆ. ಎಲೆ ಕೊಟ್ಟುಬಿಡಿ. ಅಲ್ಲಿ ಯೋಚನೆ ಮಾಡೋಕೆ ಏನೂ ಇಲ್ಲ.

ಭಾಗ 9

ಭಾರತದಲ್ಲಿ ಕೂತು ಓದ್ತಿರೋರಿಗೆ ಒಂದು ಮಾತು. "ಯಾವ ಆ್ಯಪಲ್ಲಿ ಆಡೋದು" ಅಂತ ದಯವಿಟ್ಟು ಮೆಸೇಜ್ ಮಾಡ್ಬೇಡಿ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾಯ್ದೆಯನ್ನ ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸ್ ಮಾಡಿದೆ. ಅದಕ್ಕೂ ಮೊದಲು ನಮ್ಮ ರಾಜ್ಯವೇ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ನಿಷೇಧ ತಂದಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನ ರದ್ದು ಮಾಡ್ತು. ಕೌಶಲವೋ ಜೂಜೋ ಅನ್ನೋ ವಾದ ಕೋರ್ಟಲ್ಲಿ ಹತ್ತಾರು ಸಲ ಆಗಿದೆ. ನನ್ನ ಜಗಳ ಅಷ್ಟು ದೊಡ್ಡದಲ್ಲ. ಹುಣಸೆ ಬೀಜ ಇಟ್ಕೊಂಡು ಮನೇಲಿ ಆಡಿದ್ರೂ ಈ ಲೆಕ್ಕ ಇದೇ.

ಕಳೆದ ಶನಿವಾರದ ವಿಷಯ ಹೇಳಿ ಮುಗಿಸ್ತೀನಿ. ಎರಡನೇ ಫೋಟೋ ಅದೇ. ಇಸ್ಪೀಟು ಎಕ್ಕ, ಇಸ್ಪೀಟು ಗುಲಾಮ. ಕೈ ನಂದಲ್ಲ, ಅಣ್ಣಂದು. ಫ್ಲಾಪಲ್ಲಿ ಇಸ್ಪೀಟು 10, ಇಸ್ಪೀಟು 4, ಡೈಮಂಡ್ 7. ಅವರು ಸ್ಮಾಲ್ ಬ್ಲೈಂಡ್. ಚೆಕ್ ಅಂದ್ರು. ಪಕ್ಕದ ಬಿಗ್ ಬ್ಲೈಂಡ್ ಬೆಟ್. ಕಾಲ್, ಕಾಲ್, ಕಾಲ್. ಸುತ್ತಿ ಅಣ್ಣನ ಹತ್ರ ಬಂತು. ನಾನು ಆಗ್ಲೇ ಎಲೆ ಎಸೆದಿದ್ದೆ. ಬೇರೆಯವರ ಕೈ ನಡೀತಿರುವಾಗ ಮಾತಾಡೋ ಹಾಗಿಲ್ಲ, ಸುಮ್ನೆ ನೀರಿನ ಬಾಟ್ಲಿ ನೋಡ್ತಾ ಕೂತಿದ್ದೆ. ಅವರ ಕೈಲಿ ಏನಿದೆ ಅಂತ ಆಗ ಗೊತ್ತೂ ಇರಲಿಲ್ಲ.

ಅಣ್ಣ ನಾಲ್ಕು ಚಿಪ್ಸ್ ಎತ್ಕೊಂಡ್ರು. ಸ್ವಲ್ಪ ಹೊತ್ತು ಹಿಡ್ಕೊಂಡಿದ್ರು. ಇನ್ನು ನಾಲ್ಕು ಎತ್ಕೊಂಡು "ರೈಸ್" ಅಂದ್ರು. ಐದು ವರ್ಷದಲ್ಲಿ ಮೊದಲ ಸಲ. ಡೀಲರ್‌ಗೂ ಆಶ್ಚರ್ಯ ಆಯ್ತು ಅನ್ಸುತ್ತೆ, ಎರಡು ಸಲ ಎಣಿಸಿದ್ರು. ನಾಲ್ವರೂ ಬಂದ್ರು, ಒಬ್ಬರೂ ಬಿಡಲಿಲ್ಲ.

ಟರ್ನ್ ಡೈಮಂಡ್ 2. ರಿವರ್ ಕ್ಲಾವರ್ ರಾಜ. ಏನೂ ಇಲ್ಲ. ಪಾಟ್ ಬೇರೆ ಯಾರಿಗೋ ಹೋಯ್ತು.

ವಾಪಸ್ ಬರ್ತಾ ಕಾರಲ್ಲಿ ಹದಿನೈದು ನಿಮಿಷ ಮಾತಿಲ್ಲ. ಆಮೇಲೆ ಕೈ ಚಾಚಿ, "ನಿನ್ನ ಮಾತು ಕೇಳಿ ಹೋದ ನಾಲ್ಕು ಡಾಲರ್ ಕೊಡು" ಅಂದ್ರು.

ಲೆಕ್ಕದ ಪ್ರಕಾರ ನೀವೇ ನಂಗೆ ಮೂರು ಡಾಲರ್ ಕೊಡ್ಬೇಕಾಗುತ್ತೆ ಅಣ್ಣ ಅಂದೆ. ಇನ್ನೂ ಕೊಟ್ಟಿಲ್ಲ.

#ಲಿಮಿಟ್‌ಪೋಕರ್ #ಫ್ಲಶ್‌ಡ್ರಾ #ಎಲೆಲೆಕ್ಕ #ಕನ್ನಡದಲ್ಲಿಪೋಕರ್